ಬಂಡೆಯ ಮೇಲಿನ ಬಿಳಿ ಕೊಳವೆ: ಒಳಗಿರುವುದು ಯಾರು?

ಅಮಾವಾಸ್ಯೆ, ಹುಣ್ಣಿಮೆಗಳ ಆಚೀಚೆ ಕಡಲು ಬಹಳ ಹಿಂದೆ ಸರಿಯುವ ದಿನಗಳಲ್ಲಿ ಕರಾವಳಿಯ ಕಲ್ಲುಬಂಡೆಗಳ ಕೆಳಮೈಯನ್ನು ಬಗ್ಗಿ ನೋಡಬೇಕು. ಎರಡು ಮೂರು ಮಿಲಿಮೀಟರ್ ಅಗಲದ ಬಿಳಿ ಸುರುಳಿಗಳು, ಬಳುಕುತ್ತಾ ಹರಿದ ಸಣ್ಣ ಕೊಳವೆಗಳು ಕಲ್ಲಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ನೀಲಿಕಲ್ಲಿನ ಚಿಪ್ಪು, ದೋಣಿಯ ತಳ, ಧಕ್ಕೆಯ ಕಂಬ, ಕಡಲ ಪಾಚಿಯ ಎಲೆ, ಹೀಗೆ ಆಸರೆ ಸಿಕ್ಕಲ್ಲೆಲ್ಲ ಇವು ನೆಲೆಯೂರುತ್ತವೆ. ಸತ್ತ ಚಿಪ್ಪಿನ ಚೂರು ಎಂದುಕೊಂಡು ನಾವು ದಾಟಿ ಹೋಗುತ್ತೇವೆ. ಅದೇ ಕಲ್ಲನ್ನು ಕಡಲ ನೀರು ತುಂಬಿದ ಬಟ್ಟಲಲ್ಲಿಟ್ಟು ಅಲುಗಾಡದೆ ಕಾದರೆ, ಒಂದೊಂದೇ ಕೊಳವೆಯ ಬಾಯಿಂದ ಸಣ್ಣ ಮುಚ್ಚಳವೊಂದು ಮೆಲ್ಲನೆ ಹೊರಗೆ ಬರುತ್ತದೆ. ಅದರ ಹಿಂದೆಯೇ ಗರಿಗಳ ಕಿರೀಟ ಬಿಚ್ಚಿಕೊಳ್ಳುತ್ತದೆ. ಎರೆಹುಳು, ಜಿಗಣೆಗಳಿರುವ ವಲಯವಂತ ಪ್ರಾಣಿಗಳ ವಂಶಕ್ಕೇ ಸೇರಿದ ಹುಳು ಅದು. ಮೈಯುದ್ದಕ್ಕೂ ಬಿರುಗೂದಲಿರುವ ಈ ಕಡಲ ಹುಳುಗಳನ್ನು ಪ್ರಾಣಿಶಾಸ್ತ್ರದವರು ಪಾಲಿಕೀಟ್‌ಗಳು ಎನ್ನುತ್ತಾರೆ.

ಇವುಗಳನ್ನು ಗುರುತಿಸಲು ಹೊರಟವರು ಒಂದು ಮಾತನ್ನು ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಕೊಳವೆ ನಮ್ಮನ್ನು ಕುಟುಂಬದ ಬಾಗಿಲವರೆಗೆ ಮಾತ್ರ ಕರೆದೊಯ್ಯುತ್ತದೆ. ಕುಲ, ಪ್ರಭೇದಗಳ ಗುಟ್ಟು ಇರುವುದು ಒಳಗಿನ ಹುಳುವಿನ ಮೈಯಲ್ಲಿ, ಅದರಲ್ಲೂ ಮುಚ್ಚಳದಲ್ಲಿ ಮತ್ತು ಬಿರುಗೂದಲಿನಲ್ಲಿ. ಕೊಳವೆಯ ಚಿತ್ರವನ್ನಷ್ಟೇ ನೋಡಿ ಪ್ರಭೇದದ ಹೆಸರು ಹೇಳುವವರ ಮಾತನ್ನು ನಾನು ನಂಬುವುದಿಲ್ಲ. ಅದಕ್ಕೆ ಕಾರಣಗಳು ಮುಂದೆ ತಾವಾಗಿಯೇ ತಿಳಿಯುತ್ತವೆ.

ಕೊಳವೆ ಯಾವುದರಿಂದ ಆಗಿದೆ?

ಮೊದಲ ಪ್ರಶ್ನೆ ಇದೇ. ಒಣಗಿದ ಖಾಲಿ ಕೊಳವೆಯ ಚೂರೊಂದರ ಮೇಲೆ ವಿನೆಗರ್ ಅಥವಾ ನಿಂಬೆರಸದ ಹನಿ ಬಿಡಿ. ಗುಳ್ಳೆಗಳು ಎದ್ದರೆ ಅದು ಸುಣ್ಣದ ಕೊಳವೆ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಜೀವಂತ ಹುಳು ಒಳಗಿದ್ದರೆ ಈ ಪರೀಕ್ಷೆ ಬೇಡ. ಹುಳುವಿನ ಸುಣ್ಣದ ಕೊಳವೆ ಬಹುಮಟ್ಟಿಗೆ ಸರ್ಪುಲಿಡೆ ಕುಟುಂಬದ್ದು. 500ಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಟುಂಬದ ಮೇಲೆಯೇ ಈ ಲೇಖನದ ಹೆಚ್ಚಿನ ಗಮನ. ಪುಟ್ಟ ಸುರುಳಿಯ ಸ್ಪೈರಾರ್ಬಿಸ್ ಬಳಗವನ್ನು ಹಿಂದೆ ಬೇರೆಯೇ ಕುಟುಂಬವಾಗಿ ಎಣಿಸುತ್ತಿದ್ದರು. ಈಗ ಅದನ್ನು ಸರ್ಪುಲಿಡೆಯ ಒಳಗಿನ ಉಪಕುಟುಂಬವೆಂದು ಪರಿಗಣಿಸುತ್ತಾರೆ.

ಸುಣ್ಣವಲ್ಲದ ಕೊಳವೆಗಳನ್ನು ಕಣ್ಣಳತೆಯಲ್ಲೇ ಬೇರ್ಪಡಿಸಬಹುದು. ಮರಳಿನ ಕಾಳುಗಳನ್ನು ಅಂಟಿಸಿ ಕಟ್ಟಿದ ಗಡುಸಾದ ಕೊಳವೆಗಳು ಒತ್ತೊತ್ತಾಗಿ ಬಂಡೆಗೆ ಹತ್ತಿದ್ದರೆ ಅದು ಸಬೆಲ್ಲೇರಿಡೆ. ಇದರ ತಲೆಯ ತುದಿಯಲ್ಲಿ ಹೊಂಬಣ್ಣದ ಗಟ್ಟಿ ಬಿರುಗೂದಲುಗಳ ವೃತ್ತವಿರುತ್ತದೆ, ಬಾಗಿಲು ಮುಚ್ಚುವುದು ಅದೇ. ನೀರಿನೊಳಗೇ ಕಚ್ಚಿ ಹಿಡಿಯುವ ಇವುಗಳ ಅಂಟು ವಿಜ್ಞಾನಿಗಳನ್ನು ಸೆಳೆದಿದೆ. ಕ್ಯಾಲಿಫೋರ್ನಿಯ ತೀರದ ಫ್ರಾಗ್ಮಟೋಪೋಮ ಎಂಬ ಹುಳುವಿನ ಅಂಟನ್ನು ಯೂಟಾ ವಿಶ್ವವಿದ್ಯಾಲಯದ ರಸೆಲ್ ಸ್ಟೂವರ್ಟ್ ಅಭ್ಯಾಸ ಮಾಡಿ, ಒದ್ದೆಯಾದ ಅಂಗಾಂಶಗಳನ್ನು ಬೆಸೆಯಬಲ್ಲ ಕೃತಕ ಅಂಟನ್ನು ಅದೇ ಮಾದರಿಯಲ್ಲಿ ರೂಪಿಸಲು ಹೊರಟರು. ಒಂದೇ ಮರಳುಕಾಳಿನ ದಪ್ಪದ ಗೋಡೆ, ಎರಡೂ ಕಡೆ ಬಾಯಿ, ಒಂದು ತುದಿಗೆ ಕಿರಿದಾಗುತ್ತ ಹೋಗುವ ಆಕಾರ ಕಂಡರೆ ಅದು ಪೆಕ್ಟಿನೇರಿಡೆ. ಈ ಹುಳು ಕೊಳವೆಯನ್ನು ಹೊತ್ತುಕೊಂಡೇ ಮರಳಿನಲ್ಲಿ ತಲೆಕೆಳಗಾಗಿ ಬದುಕುತ್ತದೆ. ಕೆಸರು ಬೆರೆತ ಮರಳಿನಿಂದ ಎದ್ದು ನಿಂತ, ಹೊರಮೈಗೆ ಚಿಪ್ಪಿನ ಚೂರು, ಪಾಚಿಯ ತುಣುಕುಗಳನ್ನು ಸಿಕ್ಕಿಸಿಕೊಂಡ ತೊಗಲಿನ ಕೊಳವೆ ಡಯೋಪಾಟ್ರದ್ದು. ಇದು ದವಡೆಯಿರುವ ಹುಳು. ಇದರ ತಲೆಯ ಮೇಲೆ ಐದು ಮೀಸೆಗಳೂ ತಲೆಯ ಹಿಂದೆ ಸುರುಳಿಯಾಗಿ ಎದ್ದ ಕಿವಿರುಗಳೂ ಇರುತ್ತವೆ. ಬಾಗುವಂಥ ಮೆದು ಕೊಳವೆಯಿಂದ ಗರಿಕಿರೀಟ ಹೊರಬಂದಿದ್ದು, ಮುಚ್ಚಳ ಮಾತ್ರ ಇಲ್ಲದಿದ್ದರೆ ಅದು ಸಬೆಲ್ಲಿಡೆ, ಸರ್ಪುಲಿಡೆಯ ತೀರ ಹತ್ತಿರದ ಸಂಬಂಧಿ.

ಚಿಪ್ಪುಮೀನು ಸಾಕುವವರು ಬೇರೆಯಾಗಿಯೇ ತಿಳಿದಿರಬೇಕಾದದ್ದು ಪಾಲಿಡೋರ. ಇದರ ಕೊಳವೆ ಚಿಪ್ಪಿನ ಮೇಲಿರುವುದಿಲ್ಲ, ಚಿಪ್ಪಿನೊಳಗೇ ಇರುತ್ತದೆ. ಹುಳು ಚಿಪ್ಪನ್ನು ಕೊರೆದು ಸೇರಿಕೊಂಡು, ಬಿಲದೊಳಗೆ ಕೆಸರು ತುಂಬುತ್ತದೆ. ಸಿಂಪಿ ತನ್ನನ್ನು ರಕ್ಷಿಸಿಕೊಳ್ಳಲು ಒಳಗಿನಿಂದ ಹೊಸ ಪದರ ಹಚ್ಚಿಕೊಂಡಾಗ ಅಲ್ಲೊಂದು ಕೆಸರಿನ ಬೊಬ್ಬೆ ಉಳಿಯುತ್ತದೆ. ಹೊರಗೆ ಕಾಣುವುದು ಎರಡು ಸಣ್ಣ ರಂಧ್ರ ಮತ್ತು ಆಗಾಗ ಆಡುವ ಎರಡು ಎಳೆಗಳು, ಅಷ್ಟೆ. ಹುಳುವನ್ನು ಹೊರತೆಗೆದರೆ ಗುರುತು ಹಿಡಿಯುವುದು ಸುಲಭ. ಮೈಯ ಐದನೆಯ ವಲಯ ಮಾತ್ರ ಉಳಿದವಕ್ಕಿಂತ ದೊಡ್ಡದು, ಅದರಲ್ಲಿ ದಪ್ಪನೆಯ ಮುಳ್ಳುಗಳ ಸಾಲಿರುತ್ತದೆ.

ಸುಣ್ಣದ ಕೊಳವೆಯೆಂದರೆ ಹುಳುವೇ ಎಂದು ನಿರ್ಧರಿಸುವ ಮುನ್ನ ಇನ್ನೊಂದು ತಡೆ ಇದೆ. ವರ್ಮೆಟಿಡೆ ಎಂಬ ಬಸವನಹುಳುಗಳೂ ಕಲ್ಲಿಗೆ ಅಂಟಿಕೊಂಡು, ಅಡ್ಡಾದಿಡ್ಡಿ ಬಳುಕುವ ಸುಣ್ಣದ ಕೊಳವೆ ಕಟ್ಟುತ್ತವೆ. ಕಡಲ ನೀರಿನ ಅಕ್ವೇರಿಯಂ ಇಟ್ಟವರು ಎಡವುವುದು ಬಹುತೇಕ ಇಲ್ಲೇ. ಮುರಿದ ಚೂರಿನ ಒಳಮೈ ನೋಡಿದರೆ ಅನುಮಾನ ಬಗೆಹರಿಯುತ್ತದೆ. ಬಸವನಹುಳುವಿನ ಕೊಳವೆಯ ಒಳಗೆ ನುಣುಪಾದ ಹೊಳಪಿದೆ, ಸರ್ಪುಲಿಡೆಯ ಒಳಮೈ ಮಂಕು. ಜೀವಂತವಿದ್ದರೆ ಇನ್ನೂ ಸುಲಭ. ಬಸವನಹುಳು ಲೋಳೆಯ ಎಳೆಗಳನ್ನು ನೀರಿಗೆ ಬಿಟ್ಟು ಆಹಾರ ಹಿಡಿಯುತ್ತದೆ, ಗರಿಕಿರೀಟ ಅದಕ್ಕಿಲ್ಲ. ಅಕ್ವೇರಿಯಂ ಗಾಜಿಗೆ ಹತ್ತುವ ಪುಟ್ಟ ಬಿಳಿ ಸುರುಳಿಗಳು ಮಾತ್ರ ಸಾಮಾನ್ಯವಾಗಿ ಸ್ಪೈರಾರ್ಬಿಸ್ ಬಳಗದವೇ. ಅವು ಯಾರಿಗೂ ಕೇಡು ಮಾಡುವುದಿಲ್ಲ, ಕೆರೆದು ತೆಗೆಯುವ ಅಗತ್ಯವೂ ಇಲ್ಲ.

ಕೊಳವೆ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಪಳೆಯುಳಿಕೆಗಳೇ ಸಾಕ್ಷಿ. ಹಳೆಯ ಕಲ್ಲುಗಳಲ್ಲಿ ಸಿಗುವ ಪುಟ್ಟ ಸುರುಳಿಗಳಿಗೆ ದೀರ್ಘಕಾಲ ಸ್ಪೈರಾರ್ಬಿಸ್ ಎಂಬ ಹೆಸರೇ ನಡೆದುಬಂದಿತ್ತು. ಗೋಡೆಯ ಸೂಕ್ಷ್ಮ ರಚನೆಯನ್ನು ನೋಡಿದಾಗ ಅವು ಹುಳುಗಳೇ ಅಲ್ಲ, ಮೈಕ್ರೊಕಾಂಕಿಡ್ ಎಂಬ ಬೇರೆಯೇ ಅಳಿದ ಗುಂಪು ಎಂದು ತಿಳಿಯಿತು. ಪಾಲ್ ಟೇಲರ್ ಮತ್ತು ಓಲೆವ್ ವಿನ್ 2006ರಲ್ಲಿ ಇದನ್ನು ವಿವರವಾಗಿ ಮಂಡಿಸಿದರು. ಹೊರಗಿನ ಆಕಾರ ಒಂದೇ ಆಗಿದ್ದರೂ ಒಳಗಿದ್ದ ಪ್ರಾಣಿಗಳಿಗೆ ಸಂಬಂಧವೇ ಇರಲಿಲ್ಲ.

ಕೊಳವೆಯೊಳಗಿನ ಮೈ

ಈಗ ಹುಳುವಿಗೆ ಬರೋಣ. ಸರ್ಪುಲಿಡೆಯ ಮೈಯಲ್ಲಿ ಮೂರು ಭಾಗ: ಮುಂದೆ ಕಿರೀಟ, ನಡುವೆ ಗಿಡ್ಡ ಎದೆ, ಹಿಂದೆ ಉದ್ದನೆಯ ಹೊಟ್ಟೆ.

ಕಿರೀಟದ ಪ್ರತಿ ಗರಿಯ ಎರಡೂ ಬದಿಗೆ ಸಣ್ಣ ಕವಲುಗಳ ಸಾಲಿದೆ. ಕವಲುಗಳ ಮೇಲೆ ಸೂಕ್ಷ್ಮ ಲೋಮಾಂಗಗಳಿವೆ. ಇವು ಸತತವಾಗಿ ಬಡಿದು ನೀರನ್ನು ಗರಿಗಳ ಸಂದಿನಿಂದ ಸೆಳೆಯುತ್ತವೆ. ನೀರಿನಲ್ಲಿ ತೇಲುವ ಕಣಗಳು ಕವಲಿಗೆ ಸಿಕ್ಕಿ, ಗರಿಯ ನಡುವಿನ ಕಾಲುವೆಯಲ್ಲಿ ಇಳಿದು, ಕಿರೀಟದ ಬುಡದಲ್ಲಿರುವ ಬಾಯಿಗೆ ಬರುತ್ತವೆ. ಸಬೆಲ್ಲಿಡೆಯ ಹುಳುಗಳು ಈ ಕಾಲುವೆಯಲ್ಲಿ ಕಣಗಳನ್ನು ಗಾತ್ರದ ಮೇಲೆ ವಿಂಗಡಿಸುತ್ತವೆ. ತೀರ ಸಣ್ಣದು ಬಾಯಿಗೆ, ನಡುಗಾತ್ರದ್ದು ಕೊಳವೆ ಕಟ್ಟಲು, ದೊಡ್ಡದು ಹೊರಕ್ಕೆ. ತಿನ್ನುವುದಕ್ಕೂ ಉಸಿರಾಡುವುದಕ್ಕೂ ಒಂದೇ ಅಂಗವಾದ್ದರಿಂದ ಕಿರೀಟ ಹೊರಗಿಡದೆ ಗತಿಯಿಲ್ಲ, ಹೊರಗಿಟ್ಟರೆ ಮೀನು ಕಚ್ಚುವ ಭಯ. ಹೀಗಾಗಿ ಅದರ ಮೇಲೆ ನೆರಳು ಬಿದ್ದರೂ ಸಾಕು, ಹುಳು ಕಣ್ಣೆವೆ ಇಕ್ಕುವುದರೊಳಗೆ ಒಳಗೆ ಸೇರುತ್ತದೆ. ಮೈಯುದ್ದಕ್ಕೂ ಹರಿದ ದಪ್ಪನೆಯ ನರತಂತುಗಳು ಆ ಸುದ್ದಿಯನ್ನು ಅಷ್ಟು ಬೇಗ ಸ್ನಾಯುಗಳಿಗೆ ಮುಟ್ಟಿಸುತ್ತವೆ. ಬಟ್ಟಲಿನ ಮೇಲೆ ಕೈ ಆಡಿಸಿ ಇದನ್ನು ಯಾರು ಬೇಕಾದರೂ ನೋಡಬಹುದು.

ಇವುಗಳ ರಕ್ತದ ಬಣ್ಣವೂ ಗಮನಿಸಬೇಕಾದದ್ದು. ನಮ್ಮ ಹಿಮೊಗ್ಲೋಬಿನ್‌ನಂತೆಯೇ ಕಬ್ಬಿಣವಿರುವ ಕ್ಲೋರೊಕ್ರೂರಿನ್ ಎಂಬ ವಸ್ತು ಸಬೆಲ್ಲಿಡೆ, ಸರ್ಪುಲಿಡೆಗಳ ರಕ್ತದಲ್ಲಿದೆ. ತೆಳುವಾಗಿದ್ದಾಗ ಅದು ಹಸಿರಾಗಿ ಕಾಣುತ್ತದೆ. ಸೂಕ್ಷ್ಮದರ್ಶಕದಡಿ ಜೀವಂತ ಹುಳುವಿನ ಗರಿಯಲ್ಲಿ ಹಸಿರು ಏರಿ ಇಳಿಯುವುದು ಕಂಡರೆ ಅಚ್ಚರಿಪಡಬೇಕಿಲ್ಲ.

ಕಿರೀಟದ ಕೆಳಗೆ, ಎದೆಯ ಮೇಲ್ಭಾಗವನ್ನು ಸುತ್ತಿರುವ ಮಡಿಕೆಯೇ ಕೊರಳಪಟ್ಟಿ. ಮನೆ ಕಟ್ಟುವ ಅಂಗ ಇದು. ಪಟ್ಟಿಯ ಕೆಳಗಿನ ಗ್ರಂಥಿಗಳು ಸುಣ್ಣ ಬೆರೆತ ಲೋಳೆಯನ್ನು ಸ್ರವಿಸುತ್ತವೆ. ಹುಳು ಕೊಳವೆಯ ಬಾಯಿಗೆ ಬಂದು, ಮೇಸ್ತ್ರಿ ಕರಣೆಯಿಂದ ಗಾರೆ ಒತ್ತುವಂತೆ, ಆ ಪಟ್ಟಿಯನ್ನು ಅಂಚಿನ ಮೇಲೆ ಮಡಚಿ ಸವರುತ್ತದೆ. ಹುಳು ಬೆಳೆದಂತೆ ಕೊಳವೆಯೂ ಉದ್ದವಾಗುತ್ತದೆ, ಬಾಯಿ ಹಿಗ್ಗುತ್ತದೆ. ಕೆಲವು ಪ್ರಭೇದಗಳು ನಡುನಡುವೆ ಅಂಚನ್ನು ಹೊರಕ್ಕೆ ಅಗಲಿಸಿ ಬಿಡುವುದರಿಂದ ಕೊಳವೆಯ ಮೇಲೆ ಬಳೆಗಳು ಉಳಿಯುತ್ತವೆ. ಅಳಿವೆಯಂಥ ಚೌಳು ನೀರಿನಲ್ಲಿ ಗುಂಪುಗುಂಪಾಗಿ ಬೆಳೆಯುವ ಫಿಕೊಪೊಮೇಟಸ್ ಎನಿಗ್ಮಾಟಿಕಸ್‌ನ ಕೊಳವೆಯಲ್ಲಿ ಇಂಥ ಬಳೆಗಳಿವೆ. ಅರ್ಜೆಂಟೀನದ ಮಾರ್ ಚಿಕಿಟ ಲಗೂನಿನಲ್ಲಿ ಈ ಹುಳುಗಳ ಕೊಳವೆಗಳೇ ದಿಬ್ಬಗಳಾಗಿ ಬೆಳೆದಿವೆ.

ಎದೆಭಾಗದಲ್ಲಿ ಎಣಿಕೆ ಮುಖ್ಯ. ಬಿರುಗೂದಲಿರುವ ವಲಯಗಳನ್ನು ಎಣಿಸಿದರೆ ಸರ್ಪುಲಿಡೆಯಲ್ಲಿ ಸಾಮಾನ್ಯವಾಗಿ 7, ಸಬೆಲ್ಲಿಡೆಯಲ್ಲಿ 8, ಸ್ಪೈರಾರ್ಬಿಸ್ ಬಳಗದಲ್ಲಿ 3 ಅಥವಾ 4 ಬರುತ್ತವೆ. ಸುರುಳಿಯಲ್ಲಿ ಬದುಕುವ ಹುಳುವಿನ ಎರಡು ಪಕ್ಕಗಳು ಸಮವಾಗಿರುವುದಿಲ್ಲ. ಒಂದು ಬದಿಯಲ್ಲಿ ಎಣಿಸಿದ್ದು ಇನ್ನೊಂದು ಬದಿಗೆ ಹೊಂದದಿದ್ದರೆ ಗಾಬರಿ ಬೇಡ, ಎರಡನ್ನೂ ಬರೆದುಕೊಳ್ಳಿ.

ಈ ಹುಳುಗಳ ಮೈಯಲ್ಲಿ ಎರಡು ಬಗೆಯ ಹಿಡಿತಗಳಿವೆ. ಒಂದು ಉದ್ದನೆಯ ಬಿರುಗೂದಲು, ಹುಳುವನ್ನು ಮುಂದೆ ತಳ್ಳುವುದು. ಇನ್ನೊಂದು ಹಲ್ಲಿರುವ ಸೂಕ್ಷ್ಮ ಕೊಕ್ಕೆಗಳ ಸಾಲು, ಕೊಳವೆಯ ಗೋಡೆಗೆ ಕಚ್ಚಿಕೊಳ್ಳುವುದು. ಎದೆಯಲ್ಲಿ ಬಿರುಗೂದಲು ಬೆನ್ನಿನ ಕಡೆಗೂ ಕೊಕ್ಕೆಗಳು ಹೊಟ್ಟೆಯ ಕಡೆಗೂ ಇವೆ. ಹಿಂಭಾಗದಲ್ಲಿ ಇದು ಪೂರ್ತಿ ತಿರುಗುಮುರುಗು: ಕೊಕ್ಕೆ ಬೆನ್ನಿಗೆ, ಬಿರುಗೂದಲು ಹೊಟ್ಟೆಗೆ. ಎದೆ ಎಲ್ಲಿ ಮುಗಿದು ಹೊಟ್ಟೆ ಎಲ್ಲಿ ಶುರುವಾಯಿತು ಎಂಬ ಗಡಿಯನ್ನು ಹುಡುಕಲು ಈ ಪಲ್ಲಟಕ್ಕಿಂತ ಒಳ್ಳೆಯ ಗುರುತಿಲ್ಲ. ಬದುಕಿರುವ ಹುಳುವನ್ನು ಎಳೆದು ತೆಗೆಯಲು ಹೋದರೆ ಅದು ತುಂಡಾಗುತ್ತದೆಯೇ ಹೊರತು ಬಿಡುವುದಿಲ್ಲ. ಅದಕ್ಕೆ ಕಾರಣ ಈ ಕೊಕ್ಕೆಗಳೇ.

ಒಂದೇ ಬಾಯಿಯ ಕೊಳವೆಯಲ್ಲಿ ಗುದದ್ವಾರ ತಳದಲ್ಲಿದ್ದರೆ ಹೊಲಸು ಹೊರಗೆ ಹೋಗುವುದು ಹೇಗೆ? ಮೈಯುದ್ದಕ್ಕೂ ಲೋಮಾಂಗಗಳಿರುವ ಒಂದು ತೋಡು ಇದೆ. ಹಿಂಭಾಗದಲ್ಲಿ ಅದು ಹೊಟ್ಟೆಯ ಬದಿಯಲ್ಲಿ ಸಾಗಿ, ಎದೆ ಹತ್ತಿರವಾಗುತ್ತಲೇ ಪಕ್ಕಕ್ಕೆ ತಿರುಗಿ ಬೆನ್ನಿಗೆ ಏರುತ್ತದೆ. ಅದೇ ದಾರಿಯಲ್ಲಿ ಹಿಕ್ಕೆ ಕೊಳವೆಯ ಬಾಯಿಗೆ ಬಂದು ಹೊರಬೀಳುತ್ತದೆ.

ಮುಚ್ಚಳವೇ ಹೆಸರಿನ ಚೀಟಿ

ಸರ್ಪುಲಿಡೆಯ ಬಹುಪಾಲು ಕುಲಗಳಲ್ಲಿ ಕಿರೀಟದ ಒಂದು ಗರಿ ಬದಲಾಗಿ, ದಪ್ಪ ತೊಟ್ಟಿನ ತುದಿಯಲ್ಲಿ ಬಿರಡೆಯಾಗಿ ನಿಂತಿರುತ್ತದೆ. ಹುಳು ಒಳಗೆ ಸರಿದಾಗ ಕೊಳವೆಯ ಬಾಯಿಗೆ ಬಂದು ಕೂರುವುದು ಇದೇ. ಇಳಿತದ ಬಿಸಿಲಿನಲ್ಲಿ ಒಳಗಿನ ನೀರು ಆರದಂತೆ ಕಾಯುವುದೂ ಇದೇ. 10 ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಇದ್ದರೂ ಇದರ ಆಕಾರ ತಿಳಿಯುತ್ತದೆ.

ಸರ್ಪುಲ ಕುಲದಲ್ಲಿ ಅದು ಅಂಚಿಗೆ ಹಲ್ಲಿರುವ ಒಂದೇ ಅಂತಸ್ತಿನ ಲಾಳಿಕೆ. ಹೈಡ್ರಾಯ್ಡಿಸ್‌ನಲ್ಲಿ ಎರಡು ಅಂತಸ್ತು: ಕೆಳಗೆ ಲಾಳಿಕೆ, ಅದರ ನಡುವಿನಿಂದ ಎದ್ದ ಮುಳ್ಳುಗಳ ವೃತ್ತ. ಸ್ಪೈರೊಬ್ರಾಂಕಸ್‌ನಲ್ಲಿ ಸುಣ್ಣದ ತಟ್ಟೆ, ಹಲವು ಪ್ರಭೇದಗಳಲ್ಲಿ ತಟ್ಟೆಯ ಮೇಲೆ ಕೋಡುಗಳು. ಹವಳದಲ್ಲಿ ಹೂತುಕೊಂಡು, ಬಣ್ಣಬಣ್ಣದ ಜೋಡಿ ಸುರುಳಿ ಕಿರೀಟ ಬಿಚ್ಚುವ, ಮುಳುಗುಗಾರರು ಚಿತ್ರ ತೆಗೆಯಲು ಹಂಬಲಿಸುವ ಹುಳುಗಳು ಇದೇ ಕುಲದವು. ಸಲ್ಮಸಿನ, ಫೈಲೊಗ್ರಾನ ಎರಡರ ಕೊಳವೆಯೂ ದಾರದಷ್ಟು ತೆಳು, ಗೋಜಲು ಗೋಜಲಾಗಿ ಹೆಣೆದುಕೊಂಡಿರುತ್ತದೆ. ಮುಚ್ಚಳ ಇದ್ದರೆ ಫೈಲೊಗ್ರಾನ, ಇಲ್ಲದಿದ್ದರೆ ಸಲ್ಮಸಿನ.

ಸ್ಪೈರಾರ್ಬಿಸ್ ಬಳಗದಲ್ಲಿ ಮುಚ್ಚಳಕ್ಕೆ ಇನ್ನೊಂದು ಕೆಲಸ ಸೇರಿಕೊಂಡಿದೆ. ಪ್ರತಿ ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಹೊಟ್ಟೆಭಾಗದ ಮುಂದಿನ ವಲಯಗಳಲ್ಲಿ ಮೊಟ್ಟೆ, ಹಿಂದಿನವುಗಳಲ್ಲಿ ವೀರ್ಯ. ಫಲಿತ ಮೊಟ್ಟೆಗಳನ್ನು ಕಡಲಿಗೆ ಚೆಲ್ಲದೆ ಮರಿಯಾಗುವವರೆಗೆ ಸಾಕುತ್ತವೆ. ಸ್ಪೈರಾರ್ಬಿಸ್ ಕುಲ ಕೊಳವೆಯೊಳಗೆ ಸಾಕಿದರೆ, ಜಾನುವ ಮತ್ತು ಪೈಲಿಯೊಲೇರಿಯ ಕುಲಗಳು ಮುಚ್ಚಳದೊಳಗಿನ ಕೋಣೆಯಲ್ಲಿ ಸಾಕುತ್ತವೆ. ಆದ್ದರಿಂದ ಮುಚ್ಚಳದೊಳಗೆ ಮರಿಗಳು ತುಂಬಿರುವ ಹುಳು ಸಿಕ್ಕಿದರೆ ಅದು ಭಾಗ್ಯ, ಅರ್ಧ ಕೆಲಸ ಮುಗಿದಂತೆ. ಇದರ ಜೊತೆ ಸುರುಳಿಯ ದಿಕ್ಕನ್ನೂ ನೋಡಬೇಕು. ಮೇಲಿನಿಂದ ನೋಡುತ್ತ, ನಡುವಿನಿಂದ ಬಾಯಿಯ ಕಡೆಗೆ ಕೊಳವೆಯನ್ನು ಹಿಂಬಾಲಿಸಿ. ಸ್ಪೈರಾರ್ಬಿಸ್ ಸ್ಪೈರಾರ್ಬಿಸ್ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುತ್ತದೆ, ಜಾನುವ ಅದಕ್ಕೆ ವಿರುದ್ಧವಾಗಿ. ಬಲಮುರಿ, ಎಡಮುರಿ ಎಂದು ಬರೆದರೆ ಯಾವ ಬದಿಯಿಂದ ನೋಡಿದ್ದೆಂಬ ಗೊಂದಲ ಉಳಿಯುತ್ತದೆ. ಗಡಿಯಾರದ ಲೆಕ್ಕದಲ್ಲೇ ಬರೆಯುವುದು ಒಳ್ಳೆಯದು.

ಮುಚ್ಚಳವನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಹೈಡ್ರಾಯ್ಡಿಸ್‌ನಲ್ಲಿ ದೊಡ್ಡ ಮುಚ್ಚಳದ ಎದುರು ಬದಿಗೆ ಮೊಗ್ಗಿನಷ್ಟು ಚಿಕ್ಕದಾದ ಇನ್ನೊಂದು ಇರುತ್ತದೆ. ಮೀನೋ ಏಡಿಯೋ ದೊಡ್ಡದನ್ನು ಕಚ್ಚಿಕೊಂಡು ಹೋದರೆ ಚಿಕ್ಕದು ಬೆಳೆದು ಆ ಜಾಗ ಹಿಡಿಯುತ್ತದೆ. ಹೀಗೆ ಅರೆಬೆಳೆದ ಮುಚ್ಚಳದಲ್ಲಿ ಮುಳ್ಳುಗಳು ಪೂರ್ತಿ ಮೂಡಿರುವುದಿಲ್ಲ. ಒಂದೇ ಹುಳುವನ್ನು ನೋಡಿ ತೀರ್ಮಾನಿಸದೆ ಅದೇ ಗುಂಪಿನ ಹಲವನ್ನು ನೋಡಬೇಕೆಂದು ಹೇಳುವುದು ಇದಕ್ಕೇ.

ಇಷ್ಟು ಸೂಕ್ಷ್ಮ ಯಾಕೆ ಎಂದು ಕೇಳುವವರಿಗೆ ಹೈಡ್ರಾಯ್ಡಿಸ್ ಎಲಿಗನ್ಸ್‌ನ ಕತೆ ಹೇಳಬೇಕು. ಬಂದರುಗಳಲ್ಲಿ ಹಡಗಿನ ತಳಕ್ಕೆ ಹತ್ತಿ ವೇಗ ತಗ್ಗಿಸುವ, ಇಂಧನ ಸುಡಿಸುವ ಹುಳು ಇದು. 1883ರಲ್ಲಿ ವಿಲಿಯಂ ಹ್ಯಾಸ್‌ವೆಲ್ ಆಸ್ಟ್ರೇಲಿಯದ ಸಿಡ್ನಿ ಬಂದರಿನಿಂದ ಇದನ್ನು ವರ್ಣಿಸಿದರು. ಆದರೂ ಭಾರತವೂ ಸೇರಿ ಜಗತ್ತಿನ ಬಿಸಿನೀರಿನ ಬಂದರುಗಳಿಂದ ಬಂದ ವರದಿಗಳಲ್ಲಿ ಬಹುಕಾಲ ಇದಕ್ಕೆ ಹೈಡ್ರಾಯ್ಡಿಸ್ ನಾರ್ವೆಜಿಕ ಎಂಬ ಹೆಸರು ಅಂಟಿಕೊಂಡಿತ್ತು. ನಾರ್ವೆಜಿಕ ಎಂಬುದು ಗುನ್ನೆರಸ್ 1768ರಲ್ಲಿ ನಾರ್ವೆಯಿಂದ ಹೆಸರಿಸಿದ ಯೂರೋಪಿನ ತಂಪು ನೀರಿನ ಪ್ರಭೇದ. ಎರಡರ ಕೊಳವೆಯಿಂದ ವ್ಯತ್ಯಾಸ ತಿಳಿಯುವುದಿಲ್ಲ. ವ್ಯತ್ಯಾಸ ಇರುವುದು ಮುಚ್ಚಳದ ಮೇಲಂತಸ್ತಿನಲ್ಲಿ: ಎಲಿಗನ್ಸ್‌ನ ಪ್ರತಿ ಮುಳ್ಳಿನ ಪಕ್ಕಕ್ಕೂ ಪುಟ್ಟ ಮರಿಮುಳ್ಳುಗಳಿವೆ. 1971ರಲ್ಲಿ ಹೆಲ್ಮುಟ್ ಜಿಬ್ರೋವಿಯಸ್ ಈ ಗೊಂದಲವನ್ನು ಬಿಡಿಸಿದರು. ಅಂದರೆ ಹಳೆಯ ಭಾರತೀಯ ವರದಿಯೊಂದರಲ್ಲಿ ನಾರ್ವೆಜಿಕ ಎಂದು ಓದಿದಾಗ, ಅದು ಎಲಿಗನ್ಸ್ ಇದ್ದೀತು ಎಂದು ಇಂದಿನ ಓದುಗ ಅನುಮಾನಿಸಲೇಬೇಕು.

ಹೆಸರು ಬದಲಾದರೆ ಹುಳುವಿನ ಜೀವನವೂ ಬದಲಾಗುತ್ತದೆ. ಎಲಿಗನ್ಸ್‌ನ ಡಿಂಭ ಸುಮಾರು ಐದು ದಿನ ಈಜಿ ನೆಲೆಯೂರಲು ಸಿದ್ಧವಾಗುತ್ತದೆ, ಬೆಚ್ಚಗಿನ ನೀರಿನಲ್ಲಿ ಮೂರು ವಾರದ ಆಸುಪಾಸಿನಲ್ಲೇ ಸಂತಾನಕ್ಕೆ ಬರುತ್ತದೆ. ನೆಲೆಯೂರುವ ಜಾಗದಲ್ಲಿ ಬ್ಯಾಕ್ಟೀರಿಯಗಳ ಪೊರೆ ಮೊದಲೇ ಹಬ್ಬಿರಬೇಕು. ಹವಾಯಿಯ ಮೈಕೆಲ್ ಹ್ಯಾಡ್‌ಫೀಲ್ಡ್ ಅವರ ಬಳಗ ದಶಕಗಳ ಕಾಲ ಇದನ್ನು ಅಭ್ಯಸಿಸಿದೆ. ಸ್ಯೂಡೊಆಲ್ಟೆರೊಮೊನಾಸ್ ಲೂಟಿಯೊವಯೊಲೇಸಿಯ ಎಂಬ ಬ್ಯಾಕ್ಟೀರಿಯ, ವೈರಸ್ಸಿನ ಬಾಲವನ್ನು ಹೋಲುವ ಸೂಕ್ಷ್ಮ ರಚನೆಗಳ ಮೂಲಕ ಡಿಂಭವನ್ನು ರೂಪಾಂತರಕ್ಕೆ ಪ್ರೇರಿಸುತ್ತದೆ ಎಂದು 2014ರಲ್ಲಿ ತಿಳಿದುಬಂತು. ಹಡಗಿನ ತಳಕ್ಕೆ ಯಾವ ಬಣ್ಣ ಹಚ್ಚಬೇಕು, ಎಷ್ಟು ದಿನಕ್ಕೊಮ್ಮೆ ಕೆರೆಯಬೇಕು ಎಂದು ಲೆಕ್ಕ ಹಾಕುವವರಿಗೆ ಈ ದಿನಗಳೆಲ್ಲ ಮುಖ್ಯ. ನಾರ್ವೆಯ ತಂಪಿನ ಹುಳುವಿನ ಲೆಕ್ಕ ಇಲ್ಲಿ ನಡೆಯದು.

ಕೈಯಾರೆ ಮಾಡುವಾಗ

ಮೊದಲು ಜೀವಂತವಾಗಿ ನೋಡಿ, ಕಿರೀಟದ ಬಣ್ಣ, ಪಟ್ಟೆಗಳ ಚಿತ್ರ ತೆಗೆದುಕೊಳ್ಳಿ. ಮದ್ಯಸಾರಕ್ಕೆ ಬಿದ್ದ ಮೇಲೆ ಬಣ್ಣ ಉಳಿಯುವುದಿಲ್ಲ. ಕೊಳವೆಯ ಚಿತ್ರವನ್ನೂ ತೆಗೆಯಿರಿ: ಬೆನ್ನಿನ ಮೇಲೆ ಏಣುಗಳೆಷ್ಟು, ಬಳೆಗಳಿವೆಯೇ, ಗೋಡೆಯ ಬಣ್ಣವೇನು. ಭಾರತದ ತೀರಗಳಿಂದ ವರದಿಯಾಗಿರುವ ಸ್ಪೈರೊಬ್ರಾಂಕಸ್ ಕ್ರೌಸಿಯೈ ಗುಂಪಿನ ಕೊಳವೆಗಳಲ್ಲಿ ನೀಲಿ ಛಾಯೆ ಇರುತ್ತದೆ.

ಹುಳುವನ್ನು ನೇರವಾಗಿ ಮದ್ಯಸಾರಕ್ಕೆ ಹಾಕಿದರೆ ಕುಗ್ಗಿ ಮುದ್ದೆಯಾಗುತ್ತದೆ. ಮೊದಲು ಅದನ್ನು ಮರಗಟ್ಟಿಸಬೇಕು. ಸಿಹಿನೀರಿನಲ್ಲಿ ಸುಮಾರು ಶೇಕಡಾ 7ರಷ್ಟು ಮೆಗ್ನೀಷಿಯಂ ಕ್ಲೋರೈಡ್ ಕರಗಿಸಿ, ಅದಕ್ಕೆ ಸಮಪಾಲು ಕಡಲ ನೀರು ಸೇರಿಸಿ ಬಿಟ್ಟರೆ ಹುಳು ಮೆಲ್ಲನೆ ಸಡಿಲಗೊಳ್ಳುತ್ತದೆ. ಮುಟ್ಟಿದರೂ ಮಿಸುಕದಿದ್ದಾಗ ಕೊಳವೆಯನ್ನು ಹಳೆಯ ತುದಿಯಿಂದ ಸೂಜಿ, ಚಿಮುಟಗಳಲ್ಲಿ ಚೂರುಚೂರಾಗಿ ಒಡೆಯುತ್ತ ಬನ್ನಿ. ಬಾಯಿಯ ಕಡೆಯಿಂದ ಎಳೆಯಬಾರದು. ಎದೆಯ ಮುಂದಿನ ವಲಯದಿಂದ ಒಂದಷ್ಟು ಬಿರುಗೂದಲು, ಎದೆ ಮತ್ತು ಹೊಟ್ಟೆ ಎರಡರಿಂದಲೂ ಕೊಕ್ಕೆಗಳನ್ನು ಕಿತ್ತು ಗ್ಲಿಸರಿನ್ ಹನಿಯಲ್ಲಿಟ್ಟು 400 ಪಟ್ಟು ದೊಡ್ಡದಾಗಿ ನೋಡಬೇಕು. ಕೊಕ್ಕೆಯ ಹಲ್ಲುಗಳ ಸಂಖ್ಯೆ, ಕೊರಳಪಟ್ಟಿಯ ಬಳಿಯ ವಿಶೇಷ ಬಿರುಗೂದಲಿನ ಆಕಾರ ಇವು ಪ್ರಭೇದ ನಿರ್ಣಯದಲ್ಲಿ ನಿರ್ಣಾಯಕ.

ಡಿಎನ್ಎ ನೋಡುವ ಉದ್ದೇಶವಿದ್ದರೆ ನೇರ ಶೇಕಡಾ 95ರ ಎಥನಾಲ್. ಮೈಯ ಆಕಾರಕ್ಕಾದರೆ ಮೊದಲು ಫಾರ್ಮಾಲಿನ್, ಆಮೇಲೆ ಶೇಕಡಾ 70ರ ಮದ್ಯಸಾರ. ಫಾರ್ಮಾಲಿನ್ ವಿಷ, ಕ್ಯಾನ್ಸರ್ ತರಬಲ್ಲದು. ಪ್ರಯೋಗಾಲಯದ ಹೊರಗೆ ಅದನ್ನು ಬಳಸಬೇಡಿ. ಹಾಗೇ ಬಿಟ್ಟರೆ ಅದು ಆಮ್ಲವಾಗಿ ಸುಣ್ಣದ ಕೊಳವೆಯನ್ನೇ ಕರಗಿಸುತ್ತದೆ, ಆದ್ದರಿಂದ ಬೋರಾಕ್ಸ್ ಸೇರಿಸಿಡುತ್ತಾರೆ. ಹವಳದೊಳಗಿನ ಹುಳುವಿಗಾಗಿ ಹವಳ ಒಡೆಯುವ ಮಾತೇ ಬೇಡ. ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅಲ್ಲಿ ಚಿತ್ರವಷ್ಟೇ ಸಾಕು.

ಪುಸ್ತಕಗಳ ಪೈಕಿ ಪಿಯರ್ ಫೋವೆಲ್ ಭಾರತದ ಪಾಲಿಕೀಟ್‌ಗಳ ಬಗ್ಗೆ ಬರೆದ 1953ರ ಸಂಪುಟವನ್ನೂ, ಜಾನ್ ಡೇ ದಕ್ಷಿಣ ಆಫ್ರಿಕದ ಹುಳುಗಳ ಬಗ್ಗೆ 1967ರಲ್ಲಿ ಪ್ರಕಟಿಸಿದ ಗ್ರಂಥವನ್ನೂ ನಮ್ಮ ಸಂಶೋಧಕರು ಇಂದಿಗೂ ತೆರೆಯುತ್ತಾರೆ. ಕುಟುಂಬ, ಕುಲದವರೆಗೆ ಇವು ಚೆನ್ನಾಗಿ ದಾರಿ ತೋರುತ್ತವೆ. ಪ್ರಭೇದದ ಹಂತದಲ್ಲಿ ಮಾತ್ರ ಎಚ್ಚರ ಬೇಕು. ಯೂರೋಪಿನ ಹುಳುವಿಗೆ ಇಟ್ಟ ಹೆಸರನ್ನೇ ಭಾರತದ ಹುಳುವಿಗೂ ಹಚ್ಚುವುದು ಆ ಕಾಲದ ರೂಢಿಯಾಗಿತ್ತು. ಸರ್ಪುಲಿಡೆಗೆ ಹ್ಯಾರಿ ಟೆನ್ ಹೋವೆ ಮತ್ತು ಎಲೀನ ಕುಪ್ರಿಯನೋವ 2009ರಲ್ಲಿ ಬರೆದ ಸಮೀಕ್ಷೆ ಕುಲಗಳ ಕೀಲಿಯನ್ನು ಕೊಡುತ್ತದೆ. ಅಲ್ಲಿ ಸಿಕ್ಕ ಹೆಸರು ಇಂದಿಗೂ ಚಲಾವಣೆಯಲ್ಲಿದೆಯೇ ಎಂಬುದನ್ನು ಕಡಲಜೀವಿಗಳ ಜಾಗತಿಕ ದಾಖಲೆಯಾದ ವರ್ಮ್ಸ್‌ನಲ್ಲಿ ನೋಡಿಕೊಳ್ಳಬಹುದು.

ಕೊನೆಯದಾಗಿ ಸೀಸೆಯೊಳಗಿನ ಚೀಟಿ. ಪೆನ್ಸಿಲ್ಲಿನಲ್ಲಿ ಬರೆಯಿರಿ, ಶಾಯಿ ಮದ್ಯಸಾರದಲ್ಲಿ ಕರಗುತ್ತದೆ. ಜಾಗ, ದಿನಾಂಕ, ನೀರಿನ ಉಪ್ಪು, ಭರತರೇಖೆಯಿಂದ ಎಷ್ಟು ಕೆಳಗೆ ಸಿಕ್ಕಿತು, ಏನಕ್ಕೆ ಅಂಟಿತ್ತು, ಇಷ್ಟೂ ಇರಲಿ. ಮುಚ್ಚಳ ಮುರಿದ ಒಂಟಿ ಹುಳು ಸಿಕ್ಕಿದ್ದರೆ ಕುಲದ ಹೆಸರಿಗೆ ನಿಲ್ಲಿಸಿ, ಪ್ರಭೇದದ ಜಾಗವನ್ನು ಖಾಲಿ ಬಿಡಿ. ಅದೇ ಬಂಡೆಯಿಂದ ಪೂರ್ಣ ಮುಚ್ಚಳದ ಹುಳು ಸಿಕ್ಕ ದಿನ ತುಂಬಿಸಿದರಾಯಿತು.